ಕಣ್ಣು ಬಿದ್ದದ್ದಲ್ಲ, ಕರುಳು ಬೇನೆ

ನಿನ್ನೆ ಸಂಜೆ ಮರಿ ಹೊಟ್ಟೆ ತುಂಬ ಮೇದು ಬಂದಿತ್ತು. ಬೆಳಗ್ಗೆ ನೋಡಿದರೆ ಸತ್ತು ಬಿದ್ದಿದೆ. ಅದೂ ದೊಡ್ಡಿಯಲ್ಲೇ ದಷ್ಟಪುಷ್ಟವಾದ ಮರಿ!

"ಅಯ್ಯೋ, ಯಾರ ಕಣ್ಣು ಬಿತ್ತೋ!" ಅಂತ ಅತ್ತೆ ಗೋಳಾಡುತ್ತಾಳೆ. ಪಕ್ಕದ ಮನೆಯಾಕೆ ಮರಿಯನ್ನು ಹೊಗಳಿದ್ದಳು. ಅವಳ ಮೇಲೆ ಅನುಮಾನ. ಎರಡು ಮನೆಗೂ ಮಾತು ನಿಲ್ಲುತ್ತದೆ.

ಅಕ್ಕಂದಿರೇ, ಇಂಥ ಸಾವಿಗೆ ಯಾರ ಕಣ್ಣೂ ಕಾರಣವಲ್ಲ. ಬಹಳ ಸಲ ಇದು ಕರುಳು ಬೇನೆ. ಕುರಿಯ ಕರುಳಿನಲ್ಲೇ ಇರುವ ಒಂದು ಜೀವಾಣುವಿನಿಂದ ಇದು ಬರುತ್ತದೆ. ಅದರ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಹೆಸರು ಉದ್ದ. ಜೀವಾಣು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು.

ನಮಗೆ ಬದುಕಲು ಗಾಳಿ ಬೇಕು. ಈ ಜೀವಾಣುವಿಗೆ ಗಾಳಿ ಬೇಡ. ಗಾಳಿ ಇಲ್ಲದ ಕರುಳೇ ಅದರ ಮನೆ. ಆರೋಗ್ಯವಾದ ಕುರಿಯ ಕರುಳಲ್ಲೂ ಸ್ವಲ್ಪ ಇರುತ್ತದೆ. ಆಗ ತೊಂದರೆ ಇಲ್ಲ.

ತೊಂದರೆ ಯಾವಾಗ? ಮರಿ ಬೇಗ ಕೊಬ್ಬಲಿ, ಸಂತೆಯಲ್ಲಿ ಒಳ್ಳೆ ಬೆಲೆ ಬರಲಿ ಅಂತ ನಾವು ಒಮ್ಮೆಲೇ ಕಾಳು ಸುರಿಯುತ್ತೇವೆ. ಇಲ್ಲವೇ ಮಳೆ ಬಿದ್ದು ಎಳೆ ಹುಲ್ಲು ಚಿಗುರುತ್ತದೆ. ಮರಿ ಅತಿಯಾಗಿ ತಿನ್ನುತ್ತದೆ. ಅಷ್ಟೂ ಹೊಟ್ಟೆಯಲ್ಲಿ ಅರಗುವುದಿಲ್ಲ. ಅರಗದ್ದು ಕರುಳಿಗೆ ಇಳಿಯುತ್ತದೆ. ಜೀವಾಣುವಿಗೆ ಅದೇ ಹಬ್ಬದೂಟ! ಬೇಗ ಬೇಗ ಸಾವಿರಾರು ಪಟ್ಟು ಹೆಚ್ಚಿ ವಿಷ ಬಿಡುತ್ತದೆ.

ವಿಷ ರಕ್ತಕ್ಕೆ ಸೇರಿ ಮಿದುಳಿಗೆ ಹೋಗುತ್ತದೆ. ಮರಿ ಹಲ್ಲು ಕಡಿಯುತ್ತದೆ. ಕತ್ತು ಹಿಂದಕ್ಕೆ ಸೆಟೆಯುತ್ತದೆ. ಕಾಲು ಬಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಮೇಕೆಗೆ ಭೇದಿಯೂ ಆಗಬಹುದು. ಔಷಧಿ ಕೊಡಲು ಹೊತ್ತೇ ಸಿಗುವುದಿಲ್ಲ. ಚೆನ್ನಾಗಿ ತಿನ್ನುವ ಮರಿಯೇ ಮೊದಲು ಸಾಯುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು?

ಕಾಳನ್ನು ಒಮ್ಮೆಲೇ ಹಾಕಬೇಡಿ. ದಿನ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಎಳೆ ಹುಲ್ಲಿಗೆ ಬಿಡುವ ಮುಂಚೆ ಒಣ ಮೇವು ತಿನ್ನಿಸಿ.

ಮುಂಗಾರು ಮಳೆಗೆ ಮುಂಚೆ ಪ್ರತಿ ವರ್ಷ ಲಸಿಕೆ ಹಾಕಿಸಿ. ಮರಿಗೆ 3-4 ತಿಂಗಳಾದಾಗ ಮೊದಲ ಲಸಿಕೆ. 2-3 ವಾರ ಬಿಟ್ಟು ಇನ್ನೊಂದು. ಎರಡನೆಯದನ್ನು ಮರೆಯಬೇಡಿ. ಗಬ್ಬದ ಕುರಿಗೆ ಯಾವಾಗ ಹಾಕಿಸಬೇಕು ಅಂತ ಪಶುವೈದ್ಯರನ್ನು ಕೇಳಿ. ತಾಯಿಗೆ ಹಾಕಿಸಿದರೆ ಗಿಣ್ಣು ಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ಈ ಲಸಿಕೆ ತಯಾರಾಗುತ್ತದೆ.

ಬೇರೆ ರೋಗದಿಂದಲೂ ಕುರಿ ಹೀಗೆ ಥಟ್ಟನೆ ಸಾಯಬಹುದು. ಅದಕ್ಕೇ ಸತ್ತ ಕುರಿಯನ್ನು ಕೊಯ್ಯಬೇಡಿ, ತಿನ್ನಬೇಡಿ. ಪಶು ಆಸ್ಪತ್ರೆಗೆ ಸುದ್ದಿ ಕೊಡಿ. ಆಳವಾದ ಗುಂಡಿಯಲ್ಲಿ ಹೂಳಿ.

ಈ ಪಾಠವನ್ನು ಅತ್ತೆಗೆ ಓದಿ ಹೇಳಿ. ಪಕ್ಕದ ಮನೆಯಾಕೆಯನ್ನೂ ಕರೆಯಿರಿ. ಲಸಿಕೆ ಹಾಕಿಸಲು ಎರಡೂ ಮನೆಯ ಕುರಿಗಳು ಒಟ್ಟಿಗೆ ಹೋಗಲಿ.