ಬಿಸಿಲಿಗೆ ನೀರನ್ನು ಒಡೆಯುವ ಬಿಳಿಯ ಪುಡಿ

ನೀರಿನಿಂದ ಓಡುವ ಮೋಟಾರಿನ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುವುದುಂಟು. ಅದನ್ನೋದಿ ಹಿಗ್ಗುವ ಮಿತ್ರರಿಗೆ ನಾವು ಹೇಳುವುದಿಷ್ಟೆ: ನೀರು ಉರಿಯುವ ವಸ್ತುವಲ್ಲ, ಉರಿದು ಮುಗಿದ ವಸ್ತು. ಜಲಜನಕವು ಆಮ್ಲಜನಕದೊಡನೆ ಕೂಡಿ ಉರಿದ ಮೇಲೆ ಉಳಿಯುವ ಬೂದಿಯೇ ನೀರೆಂದರೂ ಸಲ್ಲುತ್ತದೆ. ಅದನ್ನು ಒಡೆದು ಜಲಜನಕವನ್ನು ಮರಳಿ ಪಡೆಯಬೇಕಾದರೆ, ಉರಿಯುವಾಗ ಹೊರಬಿದ್ದ ಶಕ್ತಿಯನ್ನು ಹಿಂದಕ್ಕೆ ಕೊಡಲೇಬೇಕು. ಬಿಸಿಲೇ ಅದನ್ನು ಕೊಡುವಂತಾದರೆ?

ಆಗಬಹುದೆಂದು ತೋರಿಸಿಕೊಟ್ಟವರು ಜಪಾನೀಯರು. 1967ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಕೆನಿಚಿ ಹೊಂಡಾ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಅಕಿರಾ ಫುಜಿಷಿಮಾ ಎಂಬ ವಿದ್ಯಾರ್ಥಿ, ಟೈಟಾನಿಯಂ ಡಯಾಕ್ಸೈಡಿನ ಹರಳೊಂದನ್ನು ನೀರಿನಲ್ಲಿ ಮುಳುಗಿಸಿ, ತಂತಿಯಿಂದ ಪ್ಲಾಟಿನಮ್ಮಿಗೆ ಜೋಡಿಸಿ, ಪ್ರಖರವಾದ ದೀಪದ ಬೆಳಕು ಬಿಟ್ಟರು. ಹರಳಿನ ಮೇಲೆ ಆಮ್ಲಜನಕದ ಗುಳ್ಳೆಗಳೆದ್ದವು, ಪ್ಲಾಟಿನಮ್ಮಿನ ಮೇಲೆ ಜಲಜನಕದವು. 1972ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷವೇ ತೈಲದ ಬೆಲೆ ಗಗನಕ್ಕೇರಿತು. ಜಗತ್ತು ಗುಳ್ಳೆಗಳ ಕಡೆಗೆ ತಿರುಗಿ ನೋಡಿತು.

ಈ ವಸ್ತು ಅಪರೂಪದ್ದೇನಲ್ಲ. ಮುಂಬಯಿಯಾಗಲಿ ಪುಣೆಯಾಗಲಿ, ನಮ್ಮ ಮನೆಗಳ ಗೋಡೆಯ ಬಿಳಿ ಪೇಂಟಿಗೆ ಬಿಳುಪು ಬರುವುದು ಸಾಮಾನ್ಯವಾಗಿ ಇದರಿಂದಲೇ. ಹಾಗಿದ್ದರೆ ಮಳೆಗೆ ನೆನೆದ ಗೋಡೆಯಿಂದ ಜಲಜನಕ ಏಕೆ ಹೊರಡದು ಎಂದು ಮನೆಯ ಮಕ್ಕಳು ಕೇಳಿಯಾರು, ಒಳ್ಳೆಯ ಪ್ರಶ್ನೆಯೇ. ಪುಡಿಯ ಕಣಕ್ಕೆ ಬೆಳಕು ತಾಗಿದಾಗ ಒಳಗಿನ ಎಲೆಕ್ಟ್ರಾನೊಂದು ಮೇಲಕ್ಕೆ ನೆಗೆಯುತ್ತದೆ, ಅದಿದ್ದ ಜಾಗ ತೆರವಾಗುತ್ತದೆ. ನೆಗೆದ ಎಲೆಕ್ಟ್ರಾನು ಜಲಜನಕವನ್ನು ಬಿಡಿಸಬೇಕು. ತೆರವಾದ ಜಾಗವು ನೀರಿನಿಂದ ಎಲೆಕ್ಟ್ರಾನನ್ನು ಕಿತ್ತು ಆಮ್ಲಜನಕವನ್ನು ಬಿಡಿಸಬೇಕು. ಆದರೆ ಬಹುಪಾಲು ಎಲೆಕ್ಟ್ರಾನುಗಳು ಕ್ಷಣಾರ್ಧದಲ್ಲಿ ಮರಳಿ ಬಿದ್ದುಬಿಡುತ್ತವೆ, ಉಳಿಯುವುದು ಬರಿಯ ಶಾಖ. ಅವನ್ನು ಸೆಳೆದಿಡಲು ಪ್ಲಾಟಿನಮ್ಮಿನಂಥ ಲೋಹ ಪಕ್ಕದಲ್ಲಿರಬೇಕು. ಅಲ್ಲದೆ ಅದರ ಬಿಳುಪೇ ಅದರ ದೋಷ: ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಹಿಂದಕ್ಕೆಸೆದು, ನೇರಳಾತೀತ ಕಿರಣಗಳನ್ನಷ್ಟೇ ಹೀರುತ್ತದೆ. ಬಿಸಿಲಿನ ಶಕ್ತಿಯಲ್ಲಿ ಅವುಗಳ ಪಾಲು ನೂರಕ್ಕೆ ಸುಮಾರು ಐದು.

ಆದ್ದರಿಂದಲೇ ಬಣ್ಣವುಳ್ಳ ಪುಡಿಗಳ ಹುಡುಕಾಟ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ 2013ರಲ್ಲಿ ಮಾಲಿಬ್ಡಿನಂ ಸಲ್ಫೈಡಿನ ತೆಳುಪದರಗಳಿಂದ, ಕಾಣುವ ಬೆಳಕಿನಲ್ಲೇ ಜಲಜನಕ ಪಡೆದುದನ್ನು ಪ್ರಕಟಿಸಿತು.

ಜಪಾನಿನ ಕಜುನಾರಿ ಡೊಮೆನ್ ಅವರ ತಂಡ ಬಯಲಿನಲ್ಲಿ 100 ಚದರ ಮೀಟರಿನಷ್ಟು ಫಲಕಗಳನ್ನು ಹರಡಿ, ತಿಂಗಳುಗಟ್ಟಲೆ ನಡೆಸಿದ ಪ್ರಯೋಗದ ವಿವರ 2021ರಲ್ಲಿ ಹೊರಬಂತು. ಬಿಸಿಲಿನ ಶಕ್ತಿಯಲ್ಲಿ ಜಲಜನಕವಾಗಿ ದಕ್ಕಿದ್ದು ಹೆಚ್ಚೆಂದರೆ ನೂರಕ್ಕೆ 0.76. ಛಾವಣಿಯ ಸೌರಫಲಕ ಇಂದು ನೂರಕ್ಕೆ ಇಪ್ಪತ್ತರಷ್ಟನ್ನು ವಿದ್ಯುತ್ತಾಗಿಸುತ್ತದೆ! ಆದರೂ ಕಿಡಿ ಸೋಕಿದರೆ ಸಿಡಿಯುವ ಎರಡು ಅನಿಲಗಳ ಮಿಶ್ರಣವನ್ನು ಅಪಾಯವಿಲ್ಲದೆ ಸಾಗಿಸಿ, ತೆಳುಪೊರೆಯ ಮೂಲಕ ಜಲಜನಕವನ್ನು ಬೇರ್ಪಡಿಸಿದರಲ್ಲ, ನಮಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಕಾರ್ಬನ್ ಡಯಾಕ್ಸೈಡನ್ನು ಇಂಧನವಾಗಿಸುವುದು ಇನ್ನೂ ಕಷ್ಟ. 1979ರಲ್ಲಿ ಇನೌಯೆ, ಫುಜಿಷಿಮಾ, ಹೊಂಡಾ ಮೊದಲಾದವರು ಇಂಥ ಪುಡಿಗಳನ್ನು ಕದಡಿದ ನೀರಿನಲ್ಲಿ ಆ ಅನಿಲವನ್ನು ಹಾಯಿಸಿ, ಬೆಳಕಿನಿಂದ ಫಾರ್ಮಿಕ್ ಆಮ್ಲ, ಮೀಥೈಲ್ ಆಲ್ಕೊಹಾಲ್ ಮುಂತಾದವನ್ನು ಪಡೆದರು. ಆದರೆ ದೊರೆಯುವುದು ಕಿಂಚಿತ್ತು, ಅದೂ ಬೆರಕೆ. ಪುಡಿಗೆ ಅಂಟಿದ ಕೊಳೆಯಲ್ಲಿಯೂ ಇಂಗಾಲವಿರುವುದರಿಂದ ಮೋಸಹೋಗುವ ಸಂಭವವೂ ಉಂಟು. ಅದಕ್ಕೆಂದೇ ಈಗ ‘ಕಾರ್ಬನ್-13’ ಎಂಬ ಗುರುತಿನ ಇಂಗಾಲವುಳ್ಳ ಅನಿಲವನ್ನು ಹಾಯಿಸಿ ನೋಡುತ್ತಾರೆ. ಬಂದ ಇಂಧನದಲ್ಲಿ ಆ ಗುರುತು ಸಿಕ್ಕರೆ ಮಾತ್ರ ಲೆಕ್ಕಕ್ಕೆ.