ನಿಮಗಿದು ಗೊತ್ತೆ? ಯೋಧನ ಗಾಯಕ್ಕೆ ಸಿಗಡಿ ಚಿಪ್ಪು!

ಕುಟ್ಟದಿಂದ ಕುಶಾಲನಗರದವರೆಗೆ ಕೊಡಗಿನಲ್ಲಿ ಸೇನೆಯ ನಂಟಿಲ್ಲದ ಊರು ಸಿಗುವುದು ಕಷ್ಟ. ಹೀಗೆ ಸೇನೆ ಸೇರಿ ರಣರಂಗಕ್ಕಿಳಿದ ಯೋಧನ ಬಳಿ ಇರುವ ಪ್ರಥಮ ಚಿಕಿತ್ಸೆಯ ಪುಟ್ಟ ಚೀಲದ ಮೊದಲ ಕೆಲಸ ರಕ್ತ ನಿಲ್ಲಿಸುವುದು. ಕೈಕಾಲಿಗೆ ಗುಂಡು ತಗುಲಿದರೆ ಗಾಯದ ಮೇಲ್ಭಾಗಕ್ಕೆ ಟೂರ್ನಿಕೆ ಪಟ್ಟಿ ಸುತ್ತಿ, ರಕ್ತ ನಿಲ್ಲುವವರೆಗೂ ಅದರ ಕಡ್ಡಿ ತಿರುಚಬೇಕು. ಕಟ್ಟಿದ ಸಮಯ ಬರೆದಿಡಬೇಕು.

ತೊಡೆಸಂದಿಗೆ ಪಟ್ಟಿ ಕಟ್ಟಲಾಗದು. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಕೈಟೊಸಾನ್ ಬಟ್ಟೆಯನ್ನು ಗಾಯದೊಳಕ್ಕೆ ತುರುಕಿ ಅದುಮಿ ಹಿಡಿಯುತ್ತಾರೆ. ಕೈಟೊಸಾನ್ ಬರುವುದು ಸಿಗಡಿ, ಏಡಿಗಳ ಚಿಪ್ಪಿನಿಂದ! ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ದೆಹಲಿ ಪ್ರಯೋಗಾಲಯ ಇನ್ಮಾಸ್ ಕೂಡ ಇಂಥ ಡ್ರೆಸ್ಸಿಂಗ್ ರೂಪಿಸಿದೆ. ಮೈನಸ್ 18 ಡಿಗ್ರಿವರೆಗೂ ಗಡ್ಡೆಕಟ್ಟದ ಸಲೈನ್ ಸಹ ಅಲ್ಲಿಯದೇ.

ಅಂದಹಾಗೆ, ಕಾಫಿ ತೋಟದಲ್ಲಿ ಹಾವು ಕಚ್ಚಿದರೆ ಮಾತ್ರ ಟೂರ್ನಿಕೆಯ ಬಿಗಿ ಕಟ್ಟು ಬೇಡವೇ ಬೇಡ, ಕೈಕಾಲಿಗೇ ಕುತ್ತು.