ನಾಕನೇ ಬೋರ್ಡು ಏಳವಲ್ದು

ದೊಡವಾಡದ ಎರಿ ಹೊಲಗಳಲ್ಲಿ ಬಿಳಿಜೋಳದ ಸುಗ್ಗಿ. ಹಗಲಿಗೆ ಊರಾಗ ಮಂದಿಯೇ ಇಲ್ಲ. ಅಣ್ಣನ ಮನೆಯ ಪಡಸಾಲೆ ದಾಟಿ ಒಳಗೆ ಹೋದರೆ, ಹಿಂದೆ ಚಿಮಣಿ ಇಡುತ್ತಿದ್ದ ಗೋಡೆಯ ಮಾಡದಲ್ಲಿ ಈಗ ಐದು ಹಸಿರು ಬೋರ್ಡುಗಳು ಸಾಲಾಗಿ ಕೂತಿವೆ. ಒಂದೊಂದೂ ಅಂಗೈಯಗಲ. ಒಂದೊಂದಕ್ಕೂ ಮೂರು ವೈರು: ಕರೆಂಟಿನದು, ನೆಟ್‌ವರ್ಕಿನದು, ಸೀರಿಯಲ್ ಕೇಬಲ್ಲು. ಪಕ್ಕದ ರಿಲೇ ಪೆಟ್ಟಿಗೆ ‘ಟಕ್’ ಅಂದಾಗ ಒಂದು ಬೋರ್ಡಿನ ದೀಪ ಆರುತ್ತದೆ. ಮತ್ತೆ ‘ಟಕ್’ ಅಂದಾಗ ಹತ್ತುತ್ತದೆ. ಯಾರೂ ಕೈ ಹಚ್ಚಿಲ್ಲ.

ಅಣ್ಣನ ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುವವನು. ಕಂಪನಿಯ ಬೋರ್ಡುಗಳು ಅಲ್ಲಿಯ ರ‍್ಯಾಕಿನಲ್ಲಿವೆ. ಈ ಐದು ಅವನ ಸ್ವಂತದವು. ಇವುಗಳ ಮೇಲೆ ಹಗಲೂ ರಾತ್ರಿ ಹೊಸ ಹೊಸ ಲಿನಕ್ಸ್ ಕರ್ನೆಲ್, ಅಂದರೆ ಆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಪರೀಕ್ಷೆಗಾಗಿ ಏರುತ್ತದೆ, ಓಡುತ್ತದೆ, ಇಳಿಯುತ್ತದೆ.

“ನೋಡ್ರಿ ಕಾಕಾ, ಈಗ ಬೂಟ್ ಆಗಾಕತ್ತೈತಿ.”

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಹರಿದವು. ಮೊದಲು ಕರ್ನೆಲನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು ‘ಯು-ಬೂಟ್’ ಎಚ್ಚರಾಯಿತು. ಅದು ಕರ್ನೆಲನ್ನು ನೆಟ್‌ವರ್ಕಿನಿಂದ ಎಳೆದುಕೊಂಡು ಮೆಮೊರಿಯಲ್ಲಿಟ್ಟು ಕೈಬಿಟ್ಟಿತು. ಮುಂದಿನದು ಕರ್ನೆಲಿನ ಪಾಡು: ಮೆಮೊರಿ ಎಷ್ಟು, ಗಡಿಯಾರ ಯಾವುದು, ಫೈಲುಗಳಿರುವ ಮೆಮೊರಿ ಕಾರ್ಡ್ ಎಲ್ಲಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಸಾಗಿತು. ಕೊನೆಗೆ ‘ಲಾಗಿನ್’ ಎಂದು ನಿಂತಿತು. ಆ ಒಂದು ಪದಕ್ಕಾಗಿ ಆಚೆ ಬದಿ ಒಂದು ಪ್ರೋಗ್ರಾಮು ಕಾಯುತ್ತಿರುತ್ತದೆ. ಕಂಡ ಕೂಡಲೇ ತಾನೇ ಹೆಸರು ಟೈಪಿಸಿ ಒಳಹೊಕ್ಕು ಪರೀಕ್ಷೆಗಳನ್ನು ಓಡಿಸುತ್ತದೆ. ಗೊತ್ತುಮಾಡಿದ ಹೊತ್ತಿನಲ್ಲಿ ಕಾಣದಿದ್ದರೆ ‘ಫೇಲ್’ ಎಂದು ಬರೆದು ಕರೆಂಟು ತೆಗೆಯುತ್ತದೆ. ಪದ ಕಾಯುವುದು, ಉತ್ತರ ಟೈಪಿಸುವುದು: 1990ರಲ್ಲಿ ಡಾನ್ ಲೈಬ್ಸ್ ಬರೆದ ‘ಎಕ್ಸ್‌ಪೆಕ್ಟ್’ ಎಂಬ ಸಾಧನದ ಉಪಾಯವೂ ಇದೇ. 2010ರಲ್ಲಿ ಹುಟ್ಟಿದ ಲಿನಾರೊ ಸಂಸ್ಥೆಯ ‘ಲಾವಾ’ ಈ ಕೆಲಸವನ್ನು ನೂರಾರು ಬೋರ್ಡುಗಳಿಗೆ ಹಂಚುವಷ್ಟು ದೊಡ್ಡದು ಮಾಡಿತು.

“ಖರೇ ಬೋರ್ಡ್ ಯಾಕ ಬೇಕು? ಕಂಪ್ಯೂಟರಿನಾಗ ಸುಳ್ಳು ಬೋರ್ಡ್ ಮಾಡಿ ಓಡಸಾಕ ಬರೂದಿಲ್ಲೇನು?” ಎಂದೆ.

ಅವನು ಬಾಯಿ ತೆರೆಯುವುದರೊಳಗೆ, ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದ ನಮ್ಮವ್ವ ಅಂದಳು: “ಎತ್ತು ಕೊಳ್ಳಾಗ ಫೋಟೋ ನೋಡಿ ರೊಕ್ಕಾ ಕೊಡ್ತಾರೇನು? ನೊಗಾ ಹೊರಿಸಿ ನಾಕು ಹೆಜ್ಜಿ ನಡಿಸಿ ನೋಡ್ತಾರ.”

ಸುಳ್ಳು ಬೋರ್ಡಿಗೆ ಬಿಸಿ ಏರುವುದಿಲ್ಲ, ಅದರ ಕಾರ್ಡ್ ಸವೆಯುವುದಿಲ್ಲ, ಚಿಪ್ಪಿಗೆ ಕರೆಂಟು ಮುಟ್ಟುವುದು ಒಂದು ಗಳಿಗೆ ತಡವಾಗುವುದಿಲ್ಲ. ತಪ್ಪು ಅಡಗಿರುವುದು ಅಂಥ ಜಾಗದಲ್ಲೇ. ಎತ್ತಿನ ಮಾತು ಬಂದಾಗ ನೆನಪಾದದ್ದು ಇಸ್ರೋದ ‘ಆಪಲ್’ ಉಪಗ್ರಹ. 1981ರ ಜೂನ್ 19ರಂದು ಏರಿಯಾನ್ ರಾಕೆಟ್ಟಿನಲ್ಲಿ ಮೇಲೆ ಹೋಗುವ ಮೊದಲು ಅದು ಬೆಂಗಳೂರಿನಲ್ಲಿ ಚಕ್ಕಡಿ ಏರಿತ್ತು. ಲೋಹದ ವಾಹನದ ಮೇಲಿಟ್ಟರೆ ಆಂಟೆನಾದ ಅಳತೆ ಕೆಡುತ್ತದೆಂದು ಮರದ ಗಾಡಿ ತರಿಸಿದ್ದರು. ಚಕ್ಕಡಿಯ ಮೇಲೆ ಕೂತ ಉಪಗ್ರಹದ ಫೋಟೋ ನೋಡಿ ಬಡ ದೇಶದ ಬಡ ವಿಜ್ಞಾನ ಎಂದು ನಕ್ಕವರಿದ್ದಾರೆ. ನನಗಂತೂ ಅದು ಪರೀಕ್ಷೆಯ ಮರ್ಮ ಬಲ್ಲವರ ಫೋಟೋ.

ಕರ್ನೆಲನ್ನು ಇಷ್ಟು ಸಲ ಪರೀಕ್ಷಿಸಲು ಕಾರಣವಿದೆ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಈಗ ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸದಾಗುತ್ತದೆ. ಪ್ರತಿ ಸಲ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ. ಬದಲಾವಣೆ ಬರೆದವನ ಮೇಜಿನ ಮೇಲೆ ಜಗತ್ತಿನ ಎಲ್ಲ ಬೋರ್ಡುಗಳೂ ಇರುವುದು ಸಾಧ್ಯವಿಲ್ಲ. ಹಳೆಯ ಆವೃತ್ತಿಗಳಿಗೆ ಬರುವ ತಿದ್ದುಪಡಿಗಳನ್ನು ನೋಡಿ ಹೇಳಲು ಸಾಮಾನ್ಯವಾಗಿ 48 ತಾಸು ಮಾತ್ರ ಸಿಗುತ್ತದೆ. ಅದಕ್ಕೇ ಹಲವು ಲ್ಯಾಬುಗಳ ಬೋರ್ಡುಗಳ ಮೇಲೆ ಕರ್ನೆಲ್ ಓಡಿಸಿ ನೋಡುವ ‘ಕರ್ನೆಲ್‌ಸಿಐ’ಯಂಥ ಯೋಜನೆ ಹುಟ್ಟಿತು. 2019ರಲ್ಲಿ ಲಿನಕ್ಸ್ ಫೌಂಡೇಶನ್ ಸೇರಿದ ಈ ಯೋಜನೆಯ ಮೊದಮೊದಲ ಲ್ಯಾಬುಗಳಲ್ಲಿ ಕೆಲವು ಎಂಜಿನಿಯರರ ಮನೆಗಳಲ್ಲೇ ಇದ್ದವು.

ಸಂಜೆ ಮುಂದೆ ಕರೆಂಟು ಹೋಗಿ ಬಂತು. ನಾಲ್ಕು ಬೋರ್ಡು ಎದ್ದವು. “ನಾಕನೇದ್ದು ಏಳವಲ್ದು,” ಎಂದ ಹುಡುಗ.

ಈ ಕಸುಬಿನ ನಿಜವಾದ ರುಚಿ ಇಲ್ಲಿಂದ ಶುರು. ಪರದೆಯ ಮೇಲೆ ‘ಕರ್ನೆಲ್ ಪ್ಯಾನಿಕ್’ ಎಂದಿದೆ. ಮೂಲ ಫೈಲುಗಳಿರುವ ಕಾರ್ಡ್ ಸಿಗಲಿಲ್ಲವಂತೆ. ಅಪರಾಧಿ ಕರ್ನೆಲೋ, ಕಾರ್ಡೋ, ಅಡಾಪ್ಟರೋ, ಇಲಿ ಕಡಿದ ವೈರೋ? ಕೆಂಪು ಗುರುತು ಬಿದ್ದಾಗಲೆಲ್ಲ ಕರ್ನೆಲನ್ನು ದೂರಿದರೆ, ಸುಳ್ಳು ದೂರು ಓದಿ ಓದಿ ಬೇಸತ್ತವರು ಆ ಲ್ಯಾಬಿನ ಪತ್ರ ತೆರೆಯುವುದನ್ನೇ ಬಿಡುತ್ತಾರೆ. ಆಮೇಲೆ ನಿಜವಾದ ತಪ್ಪು ಸಿಕ್ಕರೂ ಕೇಳುವವರಿಲ್ಲ. ಸಾಕ್ಷಿ ಹೇಳುವ ಬೋರ್ಡನ್ನೇ ಮೊದಲು ವಿಚಾರಿಸಬೇಕು. ಲಾವಾದಲ್ಲಿ ಇದಕ್ಕೆ ‘ಹೆಲ್ತ್ ಚೆಕ್’ ಎನ್ನುತ್ತಾರೆ: ಎಂದೋ ಸರಿಯಾಗಿ ಓಡಿದ ಹಳೆಯ ಕರ್ನೆಲನ್ನು ಹಾಕಿ ನೋಡುವುದು. ಅದೂ ಏಳದಿದ್ದರೆ ದೋಷ ಬೋರ್ಡಿನದು. ರಿಪೇರಿಯಾಗುವ ತನಕ ಅದಕ್ಕೆ ಕೆಲಸ ಕೊಡುವುದಿಲ್ಲ.

ಹುಡುಗ ಕಾರ್ಡ್ ತೆಗೆದು ಒರೆಸಿ ಹಾಕಿದ. ಅಡಾಪ್ಟರು ಬದಲಿಸಿದ. ಹಳೆಯ ಕರ್ನೆಲ್ ಹಚ್ಚಿದ.

“ಎದ್ದಿತೇನೋ ಯಪ್ಪಾ?” ಎಂದಳು ಅವ್ವ ಒಲೆಯ ಮುಂದಿನಿಂದ.

“ಎದ್ದೈತಿ ಆಯಿ.”

ಹೊಸದು ಹಚ್ಚಿದ. ಮತ್ತೆ ಪ್ಯಾನಿಕ್. ಹಳೆಯದು: ಎದ್ದಿತು. ಹೊಸದು: ಬಿದ್ದಿತು. ಹುಡುಗನ ಮುಖದಲ್ಲಿ ಖುಷಿ. ಬೋರ್ಡು ನಿರಪರಾಧಿ.

ಇನ್ನು ಬೈಸೆಕ್ಟ್. ಒಳ್ಳೆಯ ಕರ್ನೆಲಿಗೂ ಕೆಟ್ಟದ್ದಕ್ಕೂ ನಡುವೆ ಸಾವಿರ ಬದಲಾವಣೆ ಇದ್ದರೆ ಸಾವಿರ ಸಲ ನೋಡಬೇಕಿಲ್ಲ. ನಟ್ಟನಡುವಿನದನ್ನು ಓಡಿಸು. ಎದ್ದರೆ ತಪ್ಪು ಆಚೆ ಅರ್ಧದಲ್ಲಿ, ಬಿದ್ದರೆ ಈಚೆ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹತ್ತು ಸಲಕ್ಕೆ ಒಂದೇ ಒಂದು ಉಳಿಯುತ್ತದೆ. ಅದನ್ನೂ ಯಂತ್ರವೇ ಮಾಡುತ್ತದೆ. ಕರ್ನೆಲ್ ಕಟ್ಟುತ್ತದೆ, ರಿಲೇ ಟಕ್ ಅನ್ನಿಸುತ್ತದೆ, ಪದ ಕಾಯುತ್ತದೆ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುವ ಹೊತ್ತಿಗೆ ಒಂದು ಬದಲಾವಣೆಯ ಗುರುತು ಪರದೆಯ ಮೇಲೆ ನಿಂತಿತ್ತು. ಕಾರ್ಡಿಗೆ ಕರೆಂಟು ಕೊಡುವ ಕ್ರಮವನ್ನು ಯಾರೋ ಚೊಕ್ಕ ಮಾಡಲು ಹೋಗಿದ್ದರು. ಬೇರೆ ಚಿಪ್ಪುಗಳಿಗೆ ಒಗ್ಗಿದ್ದು ಈ ಚಿಪ್ಪಿಗೆ ಒಗ್ಗಿರಲಿಲ್ಲ. ಹುಡುಗ ಪೂರ್ತಿ ಲಾಗ್ ಲಗತ್ತಿಸಿ ಅದನ್ನು ಬರೆದವರಿಗೆ ಪತ್ರ ಹಾಕಿದ.

“ತಿದ್ದಿದ್ರ ಅದರ ಕೆಳಗ ‘ರಿಪೋರ್ಟೆಡ್ ಬೈ’ ಅಂತ ನನ್ನ ಹೆಸರ ಬರೀತಾರ ಕಾಕಾ.”

“ಹೆಸರ ಬರದ್ರ ರೊಕ್ಕಾ ಕೊಡ್ತಾರೇನೋ?” ಅವ್ವ ಬಾಗಿಲಲ್ಲಿ ನಿಂತಿದ್ದಳು.

“ಇಲ್ಲ ಆಯಿ.”

“ಹಂಗಾರ ಉಣ್ಣಾಕ ಬಾ. ರೊಟ್ಟಿ ಆರತಾವ.”